ಒಕ್ಕಲು, ಗೇಣಿ, ಕೌಲು: ಕಾರವಾರ–ಅಂಕೋಲೆ ಪರಿಸರದಲ್ಲಿ ಮನೆವಾಸದ ಕರಾರುಗಳ ಚರಿತ್ರೆ

ನಮ್ಮ ಜಾನಪದ ಅಧ್ಯಯನಗಳಲ್ಲಿ ಮನೆಯ ಕುರಿತ ಬರವಣಿಗೆ ಕಡಿಮೆಯೇನಲ್ಲ. ಮನೆ ಕಟ್ಟುವ ಕ್ರಮ, ಹೊಸಿಲಿನ ಪೂಜೆ, ಗೋಡೆಯ ಮೇಲಿನ ಹಸೆ ಚಿತ್ತಾರ, ತುಳಸಿಕಟ್ಟೆ, ಒಲೆಯ ದಿಕ್ಕು, ಹೆರಿಗೆಯ ಕೋಣೆ, ಇವೆಲ್ಲವೂ ವಿವರವಾಗಿ ದಾಖಲಾಗಿವೆ. ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮೊದಲಾದ ಹಿರಿಯರು ಹಾಲಕ್ಕಿ ಒಕ್ಕಲಿಗರು, ಮುಕ್ರಿಯರು, ಅಂಬಿಗರು ಮುಂತಾದ ಸಮುದಾಯಗಳ ನಡುವೆ ನಡೆಸಿದ ಸಂಗ್ರಹಕಾರ್ಯದ ಋಣ ನಮ್ಮೆಲ್ಲರ ಮೇಲಿದೆ. ಆದರೆ ಆ ಮನೆ ಯಾರ ನೆಲದ ಮೇಲೆ ನಿಂತಿತ್ತು, ಯಾವ ಷರತ್ತಿನ ಮೇಲೆ ನಿಂತಿತ್ತು, ಆ ಷರತ್ತು ಮುರಿದಾಗ ಏನಾಗುತ್ತಿತ್ತು ಎಂಬ ಪ್ರಶ್ನೆಗಳನ್ನು ನಾವು ಕಂದಾಯ ಇಲಾಖೆಗೂ ವಕೀಲರಿಗೂ ಬಿಟ್ಟುಕೊಟ್ಟಿದ್ದೇವೆ. ಹಾಡು ಜಾನಪದಕ್ಕೆ, ಗೇಣಿಚೀಟಿ ಕಚೇರಿಗೆ ಎಂಬ ಈ ವಿಂಗಡಣೆ ಸರಿಯಾದುದಲ್ಲ. ಹಾಡಿದವರೂ ಗೇಣಿ ಕೊಟ್ಟವರೂ ಒಬ್ಬರೇ ಆಗಿದ್ದರು. ಪ್ರಸ್ತುತ ಪ್ರಬಂಧವು ಕಾಳಿ ನದಿಯ ಉತ್ತರ ದಂಡೆಯ ಹಣಕೋಣ ಹಾಗೂ ಅದರ ಸುತ್ತಲಿನ ಕಾರವಾರ–ಅಂಕೋಲೆ ಪರಿಸರವನ್ನು ಕಣ್ಣಮುಂದೆ ಇಟ್ಟುಕೊಂಡು, ಇನ್ನೊಬ್ಬರ ಜಾಗದಲ್ಲಿ ಮನೆ ಮಾಡಿಕೊಂಡಿರುವುದಕ್ಕೆ ಸಂಬಂಧಿಸಿದ ಕರಾರುಗಳ ಸ್ವರೂಪವನ್ನು ಪರಿಶೀಲಿಸುತ್ತದೆ.

ಮೊದಲಿಗೆ ಒಂದು ಪದದ ವಿಚಾರ. ಕನ್ನಡದಲ್ಲಿ ‘ಒಕ್ಕಲು’ ಎಂದರೆ ವಾಸ, ಮನೆತನ, ಬೇಸಾಯಗಾರ, ಗೇಣಿದಾರ ಎಂಬ ನಾಲ್ಕೂ ಅರ್ಥಗಳುಂಟು. ಹೊಸ ಮನೆಗೆ ಪ್ರವೇಶಿಸುವುದು ‘ಮನೆಯೊಕ್ಕಲು’. ಧಣಿಯ ಕೈಕೆಳಗಿನ ಗೇಣಿದಾರ ‘ಅವರ ಒಕ್ಕಲು’. ಅದೇ ಗೇಣಿದಾರನನ್ನು ಜಾಗದಿಂದ ಹೊರಹಾಕುವುದು ‘ಒಕ್ಕಲೆಬ್ಬಿಸುವುದು’. ಗೃಹಪ್ರವೇಶದ ಮಂಗಳ ಶಬ್ದವೂ ಮನೆಯಿಂದ ಹೊರದೂಡುವ ಅಮಂಗಳ ಶಬ್ದವೂ ಒಂದೇ ಮೂಲದಿಂದ ಹುಟ್ಟಿವೆ ಎಂಬುದು ಗಮನಾರ್ಹ. ಬೇಸಾಯದ ಹಕ್ಕು ಮತ್ತು ವಾಸದ ಹಕ್ಕು ಬೇರೆ ಬೇರೆ ಎಂದು ಈ ಭಾಷೆ ಎಣಿಸಿರಲಿಲ್ಲ; ಗದ್ದೆ ಹೋದರೆ ಮನೆಯೂ ಹೋಯಿತು ಎಂಬುದು ಅದರೊಳಗೇ ಅಡಗಿದೆ. ಮುಂದೆ ಕಾನೂನು ಇವೆರಡನ್ನು ಬೇರ್ಪಡಿಸಿದ್ದರಿಂದ ಕೆಲವರಿಗೆ ಲಾಭವಾಯಿತು, ಕೆಲವರಿಗೆ ಹಾನಿಯಾಯಿತು. ಈ ಪ್ರಬಂಧದ ಬಹುಭಾಗ ಆ ಬೇರ್ಪಡಿಕೆಯ ಕಥೆಯೇ ಆಗಿದೆ.

ಮೂಲಗೇಣಿ ಮತ್ತು ಚಾಲಗೇಣಿ

ಕಾರವಾರ, ಅಂಕೋಲೆಗಳು ಸೋದೆಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದವು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ಕೈಸೇರಿ, 1799ರಲ್ಲಿ ಟಿಪ್ಪುವಿನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಬಂದವು. ಕೆನರಾದ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹೆಚ್ಚು ಕಾಲ ಇಲ್ಲಿ ನಿಲ್ಲಲಿಲ್ಲ. ಆದರೆ ಇಲ್ಲಿಯ ಭೂಹಿಡುವಳಿಯನ್ನು ಕುರಿತು 1800ರಲ್ಲಿ ಅವನು ಬರೆದ ವರದಿಗಳು ಮುಂದಿನ ಆಡಳಿತಕ್ಕೆ ಆಧಾರವಾದವು. 1801ರಲ್ಲಿ ಈ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನ 1807ರಲ್ಲಿ ಪ್ರಕಟವಾಯಿತು. 1883ರಲ್ಲಿ ಹೊರಬಂದ ಮುಂಬಯಿ ಗ್ಯಾಝೆಟಿಯರಿನ ಕೆನರಾ ಸಂಪುಟವನ್ನೂ ಇವುಗಳೊಂದಿಗೆ ಸೇರಿಸಿ ಓದಿದರೆ ಹಿಡುವಳಿಯ ಸ್ಥೂಲ ಚಿತ್ರ ದೊರೆಯುತ್ತದೆ. ನೆಲದ ಒಡೆಯ ‘ಮೂಲಿ’ ಅಥವಾ ‘ಮೂಲಗಾರ’. ಅವನಿಂದ ಶಾಶ್ವತವಾಗಿ, ಏರದ ಗೇಣಿಗೆ ಜಾಗ ಪಡೆದವನು ಮೂಲಗೇಣಿದಾರ. ವರ್ಷದಿಂದ ವರ್ಷಕ್ಕೆ, ಒಡೆಯನ ಇಚ್ಛೆ ಇರುವವರೆಗೆ ಮಾಡುವವನು ಚಾಲಗೇಣಿದಾರ. ಇವೆರಡರ ನಡುವೆ ಇಂತಿಷ್ಟು ವರ್ಷಕ್ಕೆಂದು ಬರೆದುಕೊಡುವ ವಾಯಿದೆಗೇಣಿಯೂ ಇತ್ತು.

ಮೂಲಗೇಣಿಯನ್ನು ಇಂದಿನ ಬಾಡಿಗೆ ಕರಾರಿನ ಕಣ್ಣಿನಿಂದ ನೋಡಿದರೆ ಅರ್ಥವಾಗುವುದು ಕಷ್ಟ. ‘ಸಂತಾನ ಪಾರಂಪರ್ಯವಾಗಿ’, ‘ಆಚಂದ್ರಾರ್ಕ’ ಎಂಬಂಥ ಮಾತುಗಳು ಶಾಸನಗಳ ದಾನವಾಕ್ಯಗಳಿಂದ ನೇರವಾಗಿ ಇಂಥ ಪತ್ರಗಳಿಗೆ ಇಳಿದುಬಂದಿವೆ. ಗೇಣಿ ಒಮ್ಮೆ ನಿಶ್ಚಯವಾದರೆ ಅದನ್ನು ಏರಿಸುವಂತಿಲ್ಲ. ಗೇಣಿ ಸಲ್ಲಿಸುತ್ತಿರುವವರೆಗೆ ಎಬ್ಬಿಸುವಂತಿಲ್ಲ. ಕೆಲವು ಪತ್ರಗಳಲ್ಲಿ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತಿತ್ತು, ಕೆಲವುಗಳಲ್ಲಿ ಇರುತ್ತಿರಲಿಲ್ಲ. ಹೀಗಾಗಿ ಮೂಲಗೇಣಿಯ ಜಾಗದಲ್ಲಿ ಮನೆ ಕಟ್ಟಿದವನು ಹೆಚ್ಚುಕಡಿಮೆ ಒಡೆಯನಂತೆಯೇ ಬಾಳಿದನು. ಸರಕಾರ ತನ್ನ ಕಂದಾಯವನ್ನು ಏರಿಸಿದಾಗ ಮಾತ್ರ ತಕರಾರು ಹುಟ್ಟುತ್ತಿತ್ತು. ಏರಿದ ಹೊರೆಯನ್ನು ಹೊರಬೇಕಾದವನು ಮೂಲಿಯೋ ಗೇಣಿದಾರನೋ? ಕೆನರಾ ಜಿಲ್ಲೆ ಇಬ್ಭಾಗವಾಗಿ 1862ರಲ್ಲಿ ಉತ್ತರಾರ್ಧವು ಮುಂಬಯಿ ಆಧಿಪತ್ಯಕ್ಕೆ ಸೇರಿದ ಮೇಲೆ ಇಲ್ಲಿ ಹೊಸ ಸರ್ವೆ ನಡೆದು ಆಕಾರ ಹೆಚ್ಚಿತು. ಅದನ್ನು ಪ್ರಶ್ನಿಸಿದ ವೈಕುಂಠ ಬಾಪೂಜಿ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು 1875ರಲ್ಲಿ ಕೊಟ್ಟ ದೀರ್ಘ ತೀರ್ಪು, ಕೆನರಾದ ಭೂಹಿಡುವಳಿಯ ಚರಿತ್ರೆಯನ್ನು ತಿಳಿಯಲು ಇಂದಿಗೂ ಉಪಯುಕ್ತವಾಗಿದೆ. ಜಾನಪದ ವಿದ್ವಾಂಸರು ಅದನ್ನು ಓದುವುದಿಲ್ಲ ಎಂಬುದು ಬೇರೆ ಮಾತು.

ಚಾಲಗೇಣಿಯ ಮನೆಯ ಸ್ಥಿತಿ ಹಾಗಲ್ಲ. ‘ಚಾಲ’ ಎಂದರೆ ಚಲಿಸುವುದು. ಗದ್ದೆಯಾಚೆಯ ಹಿತ್ತಲಿನಲ್ಲೋ ತೆಂಗಿನ ತೋಟದ ಅಂಚಿನಲ್ಲೋ ಒಡೆಯ ತೋರಿಸಿದ ಎತ್ತರದ ಜಾಗದಲ್ಲಿ ಗುಡಿಸಲು ಎಬ್ಬಿಸಿಕೊಳ್ಳುವುದು. ಒಡೆಯ ಬೇರೊಬ್ಬನನ್ನು ತಂದು ನಿಲ್ಲಿಸಿದರೆ ಕಂಬ, ಜಂತಿ, ಮಡಲು ಕಿತ್ತುಕೊಂಡು ಹೊರಡುವುದು. ಕಾರವಾರ, ಅಂಕೋಲೆ ತಾಲೂಕುಗಳ ಶ್ರಮಿಕ ಸಮುದಾಯಗಳ ಬಹುಪಾಲು ಮನೆಗಳು ಈ ಎರಡನೆಯ ಬಗೆಯವು.

ಬರೆಯದ ಷರತ್ತುಗಳು

ಇಂಥ ಮನೆಗಳಿಗೆ ಪತ್ರವಿರಲಿಲ್ಲ. ಆದರೆ ಷರತ್ತುಗಳಿದ್ದವು, ಅವು ಎರಡೂ ಕಡೆಯವರಿಗೆ ಬಾಯಿಪಾಠವಾಗಿದ್ದವು. ಕ್ಷೇತ್ರಕಾರ್ಯದಲ್ಲಿ ಹಿರಿಯರನ್ನು ‘ಜಾಗಕ್ಕೆ ಬಾಡಿಗೆ ಎಷ್ಟು ಕೊಡುತ್ತಿದ್ದಿರಿ?’ ಎಂದು ಕೇಳಿದರೆ ‘ಬಾಡಿಗೆ ಎಂಥದ್ದು, ನಾವು ಅವರ ಒಕ್ಕಲು’ ಎಂಬ ಉತ್ತರ ಬರುತ್ತದೆ. ಪ್ರಶ್ನೆಯನ್ನು ತಿರುಗಿಸಿ ‘ಅವರ ಮನೆಗೆ ಏನೇನು ಮಾಡಿಕೊಡಬೇಕಿತ್ತು?’ ಎಂದಾಗ ಪಟ್ಟಿ ಬಿಚ್ಚಿಕೊಳ್ಳುತ್ತದೆ. ತೋಟದ ಕಾವಲು, ಬಿದ್ದ ಕಾಯಿಯನ್ನು ಆರಿಸಿ ಮುಟ್ಟಿಸುವುದು, ಧಣಿಯ ಮನೆಯ ಮದುವೆಗೆ ಚಪ್ಪರ ಹಾಕುವುದು, ಮಳೆಗಾಲಕ್ಕೆ ಮುನ್ನ ಅವರ ಹಿತ್ತಲಿನ ಬೇಲಿ ಕಟ್ಟುವುದು, ನಾಟಿಯ ದಿನ ತಮ್ಮ ಗದ್ದೆ ಬಿಟ್ಟು ಅವರ ಗದ್ದೆಗೆ ಇಳಿಯುವುದು, ಹಬ್ಬಕ್ಕೆ ಹೊಸ ಬೆಳೆಯ ಕಾಣಿಕೆ. ಹೆಂಗಸರ ಪಾಲಿಗೆ ಭತ್ತ ಕುಟ್ಟುವುದು, ಅಂಗಳ ಸಾರಿಸುವುದು, ಕೊಟ್ಟಿಗೆಯ ಕೆಲಸ. ಇವು ಗೇಣಿಯ ಲೆಕ್ಕಕ್ಕೆ ಸೇರಿದವಲ್ಲ. ಮನೆ ಇರುವ ಜಾಗದ ಲೆಕ್ಕಕ್ಕೆ ಸೇರಿದವು. ದುಡ್ಡಿನಲ್ಲಿ ಎಣಿಸದ ಕಾರಣ ಇದಕ್ಕೆ ರಸೀದಿಯೂ ಇಲ್ಲ. ರಸೀದಿ ಇಲ್ಲದ ಬಾಡಿಗೆಯೇ ಎಲ್ಲಕ್ಕಿಂತ ತುಟ್ಟಿಯಾದುದು ಎಂಬುದು ಮುಂದೆ ನ್ಯಾಯಮಂಡಳಿಗಳ ಮುಂದೆ ನಿಂತಾಗ ಅವರಿಗೆ ಅರಿವಾಯಿತು.

ಒಡೆಯನ ಕಡೆಯಿಂದಲೂ ಕೆಲವು ಹೊಣೆಗಳಿದ್ದವು. ಮನೆ ಕಟ್ಟಲು ಬಿದಿರು, ಮರ, ಮಡಲು ಒದಗಿಸುವುದು, ಹೆರಿಗೆ ಬಾಣಂತನ ಸಾವುಗಳಲ್ಲಿ ಅಕ್ಕಿ ಕೊಡುವುದು, ಬಾವಿಯ ನೀರು ಬಿಡುವುದು, ಹೊರಗಿನವರು ಒಕ್ಕಲಿನ ಮೇಲೆ ಏರಿಬಂದರೆ ಅಡ್ಡ ನಿಲ್ಲುವುದು. ಇವನ್ನು ನೆನೆದು ‘ಹಿಂದಿನ ಧಣಿಗಳು ತಾಯಿತಂದೆಯಂತೆ ಇದ್ದರು’ ಎನ್ನುವವರೂ ಇದ್ದಾರೆ. ಅಧ್ಯಯನಕಾರರು ಈ ಮಾತನ್ನು ಹಾಗೆಯೇ ಬರೆದುಕೊಳ್ಳಬೇಕು, ಹಾಗೆಯೇ ನಂಬಬೇಕಿಲ್ಲ. ಒಡೆಯನ ಹೊಣೆ ತಪ್ಪಿದರೆ ಅದು ಅವನ ಗುಣದೋಷ. ಒಕ್ಕಲಿನ ಹೊಣೆ ತಪ್ಪಿದರೆ ಅದು ಮನೆಯ ಅಳಿವು. ಕರಾರು ಎರಡು ಕಡೆಗೂ ಇತ್ತು, ದಂಡನೆ ಒಂದೇ ಕಡೆಗೆ.

ಈ ಅಸಮತೆಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರುವುದು ಮನೆಯ ಮಾಡು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಈ ನೆಲದಲ್ಲಿ ಹುಲ್ಲಿನ ಅಥವಾ ಮಡಲಿನ ಹೊದಿಕೆಯನ್ನು ಪ್ರತಿವರ್ಷ ಬದಲಿಸಲೇಬೇಕು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹಂಚು ಕ್ರಮೇಣ ಕರಾವಳಿಯುದ್ದಕ್ಕೂ ಹರಡಿತು. ಆದರೆ ಒಕ್ಕಲಿನ ಮನೆಗೆ ಹಂಚು ಬರುವುದಕ್ಕೆ ಬಡತನವೊಂದೇ ಅಡ್ಡಿಯಾಗಿರಲಿಲ್ಲ. ಹಂಚು ಹೊದೆಸಲು, ಕಲ್ಲಿನ ಅಡಿಪಾಯ ಹಾಕಲು, ಬಾವಿ ತೋಡಲು, ತೆಂಗಿನ ಸಸಿ ನೆಡಲು ಒಡೆಯನ ಅಪ್ಪಣೆ ಬೇಕಾಗಿತ್ತು, ಆ ಅಪ್ಪಣೆ ಸುಲಭವಾಗಿ ಸಿಗುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಕಾರಣ ಸ್ಪಷ್ಟವಾಗಿದೆ: ಪ್ರತಿವರ್ಷ ಕಿತ್ತು ಕಟ್ಟುವ ಮಾಡು ಮನೆಯ ತಾತ್ಕಾಲಿಕತೆಗೆ ಸಾಕ್ಷಿ, ಹಂಚಿನ ಮಾಡು ಹಕ್ಕಿನ ಆರಂಭ. ನಾವು ‘ಪರಂಪರಾಗತ ವಾಸ್ತುಶೈಲಿ’ ಎಂದು ಮೆಚ್ಚಿ ಛಾಯಾಚಿತ್ರ ತೆಗೆದುಕೊಂಡ ಎಷ್ಟೋ ಹುಲ್ಲುಮಾಡುಗಳ ಹಿಂದೆ ಅಭಿರುಚಿಗಿಂತ ಹೆಚ್ಚಾಗಿ ಇಂಥದೊಂದು ನಿಷೇಧ ಇದ್ದಿರಬಹುದು ಎಂಬುದನ್ನು ಭೌತಿಕ ಸಂಸ್ಕೃತಿಯ ಅಧ್ಯಯನಕಾರರು ಗಮನಿಸಬೇಕಾಗಿದೆ.

ಸಾತೇರಿಯ ನೆಲದಲ್ಲಿ ಕೌಲು

ಹಣಕೋಣದ ಸಾತೇರಿ ದೇವಿಯ ಗುಡಿ ವರ್ಷದಲ್ಲಿ ಏಳು ದಿನ ಮಾತ್ರ ಬಾಗಿಲು ತೆರೆಯುತ್ತದೆ. ಆ ದಿನಗಳಲ್ಲಿ ಕಾರವಾರ ಹಾಗೂ ಗೋವೆಯಿಂದ ಜನ ಬಂದು ಸೇರುತ್ತಾರೆ. ಉಳಿದ ಕಾಲವೆಲ್ಲ ದೇವಿಯ ಏಕಾಂತಕ್ಕೆ ಮೀಸಲು. ಕೊಂಕಣದ ಉದ್ದಕ್ಕೂ ಸಾತೇರಿಯನ್ನು ಹುತ್ತದ ರೂಪದಲ್ಲಿ ಪೂಜಿಸುವುದುಂಟು. ಹುತ್ತವೆಂದರೆ ನೆಲವೇ ತಾನಾಗಿ ಎದ್ದು ನಿಂತ ಮನೆ. ನೆಲದ ನಿಜವಾದ ಒಡತಿ ಆಕೆ, ಉಳಿದವರೆಲ್ಲ ಆಕೆಯ ಜಾಗದಲ್ಲಿ ಇರುವವರು ಎಂಬ ಭಾವನೆ ಈ ಆರಾಧನೆಯ ತಳದಲ್ಲಿದೆ. ಮನೆ ಕಟ್ಟುವುದು, ಬಾವಿ ತೋಡುವುದು, ಸಂಬಂಧ ಬೆಳೆಸುವುದು ಮುಂತಾದ ಕಾರ್ಯಗಳಿಗೆ ಮೊದಲು ದೇವರ ಅಪ್ಪಣೆ ಕೇಳುವ ‘ಕೌಲು’ ಎಂಬ ಕ್ರಮ ಕೊಂಕಣಿ ಪ್ರದೇಶದ ಗುಡಿಗಳಲ್ಲಿ ರೂಢಿಯಲ್ಲಿದೆ. ಮೂರ್ತಿಗೆ ಅಂಟಿಸಿದ ಹೂವಿನ ಎಸಳು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂಬುದರ ಮೇಲೆ ದೇವರ ಮಾತನ್ನು ತಿಳಿಯಲಾಗುತ್ತದೆ.

ಈ ‘ಕೌಲು’ ಅರಬ್ಬಿ ಮೂಲದ ಶಬ್ದ. ಮಾತು, ವಚನ ಎಂಬುದು ಅದರ ಅರ್ಥ. ಸುಲ್ತಾನರ ಆಡಳಿತದ ಮೂಲಕ ದಖ್ಖನಿನ ಕಂದಾಯ ಭಾಷೆಗೆ ಬಂದು, ‘ಇಷ್ಟು ಕೊಡು, ಇಲ್ಲಿ ಇರು, ನಿನಗೆ ತೊಂದರೆ ಕೊಡುವುದಿಲ್ಲ’ ಎಂದು ಅಧಿಕಾರಿ ಬರೆದುಕೊಡುವ ಅಭಯಪತ್ರಕ್ಕೆ, ಅಲ್ಲಿಂದ ಗೇಣಿ ಗುತ್ತಿಗೆಯ ಪತ್ರಕ್ಕೆ ಹೆಸರಾಯಿತು. ಅದೇ ಶಬ್ದ ಗುಡಿಯೊಳಗೆ ದೇವರ ಸಮ್ಮತಿಯಾಯಿತು. ಮರಾಠಿಯಲ್ಲಿ ‘ಕೌಲ್’ ಎಂದರೆ ಹಂಚು ಎಂಬ ಅರ್ಥವೂ ಇದೆ. ಆದರೆ ಅದು ಬೇರೆ ಮೂಲದ ಶಬ್ದ, ಸಂಸ್ಕೃತದ ‘ಕಪಾಲ’ದಿಂದ ಬಂದದ್ದು. ಎರಡು ಮೂಲಗಳ ಶಬ್ದಗಳು ಒಂದೇ ಉಚ್ಚಾರಕ್ಕೆ ಬಂದು ನಿಂತದ್ದು ಕೇವಲ ಆಕಸ್ಮಿಕ. ಆದರೂ ದೇವರ ಸಮ್ಮತಿ, ಒಡೆಯನ ವಚನ, ತಲೆಯ ಮೇಲಿನ ಹಂಚು ಇವು ಮೂರೂ ಒಂದೇ ಹೆಸರಿನಲ್ಲಿ ಕರೆಸಿಕೊಂಡ ಗಡಿನಾಡಿನಲ್ಲಿ, ಮನೆವಾಸದ ಕರಾರನ್ನು ಜನ ಕಾಗದಕ್ಕಿಂತ ಮಾತಿನಲ್ಲೇ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಧಿಕಾರಿಯ ಕೌಲಿನ ಜೀವಾಳವೂ ಅಭಯವೇ ಆಗಿತ್ತು, ಬೆಲೆಯಲ್ಲ.

ಬರೆದ ಕಾನೂನು ಬಂದಾಗ

1882ರ ಆಸ್ತಿ ವರ್ಗಾವಣೆ ಅಧಿನಿಯಮವು ಮನೆ ಮತ್ತು ನಿವೇಶನಗಳ ಗುತ್ತಿಗೆಗೆ ಇಂದಿಗೂ ಮೂಲಾಧಾರವಾಗಿರುವ ಕಾನೂನು. ಮದ್ರಾಸು ಆಧಿಪತ್ಯದಲ್ಲಿದ್ದ ದಕ್ಷಿಣ ಕೆನರಾದಲ್ಲಿ ಅದು 1882ರಲ್ಲೇ ಜಾರಿಗೆ ಬಂತು. ಮುಂಬಯಿ ಆಧಿಪತ್ಯವನ್ನು ಮೊದಲಿಗೆ ಅದರಿಂದ ಹೊರಗಿಟ್ಟಿದ್ದರಿಂದ ಉತ್ತರ ಕೆನರಾಕ್ಕೆ ಅದು ಅನ್ವಯಿಸಿದ್ದು 1893ರ ಜನವರಿ 1ರಿಂದ. ಮೂವತ್ತು ವರ್ಷಗಳ ಹಿಂದೆ ಒಂದೇ ಜಿಲ್ಲೆಯಾಗಿದ್ದ ನೆಲದ ಎರಡು ತುಂಡುಗಳಲ್ಲಿ ಒಂದೇ ಮೂಲಗೇಣಿ ಪದ್ಧತಿ ಹೀಗೆ ಒಂದು ದಶಕದಷ್ಟು ಕಾಲ ಎರಡು ಬೇರೆ ಚೌಕಟ್ಟುಗಳಲ್ಲಿ ವಿಚಾರಣೆಗೊಳಗಾಯಿತು.

ಈ ಅಧಿನಿಯಮದ 108ನೆಯ ಕಲಮು ಗುತ್ತಿಗೆಗೆ ಕೊಟ್ಟವನ ಮತ್ತು ಪಡೆದವನ ಹೊಣೆಗಳನ್ನು ವಿವರಿಸುತ್ತದೆ. ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಲ್ಲಿ ಮಾತ್ರ ಇವು ಅನ್ವಯಿಸುತ್ತವೆ ಎಂದು ಅದೇ ಕಲಮು ಹೇಳುವುದರಿಂದ ರೂಢಿಗೆ ಅದರಲ್ಲೇ ಎಡೆಯಿದೆ. ಒಡೆಯನು ಜಾಗದ ಗುಪ್ತ ದೋಷಗಳನ್ನು ತಿಳಿಸಬೇಕು, ಸ್ವಾಧೀನ ಬಿಟ್ಟುಕೊಡಬೇಕು, ಗುತ್ತಿಗೆದಾರನು ಬಾಡಿಗೆ ಕೊಟ್ಟು ಷರತ್ತು ಪಾಲಿಸುವವರೆಗೆ ಅವನ ನೆಮ್ಮದಿಯ ಅನುಭೋಗಕ್ಕೆ ಅಡ್ಡಿ ಬಾರದಂತೆ ನೋಡಿಕೊಳ್ಳಬೇಕು. ಗುತ್ತಿಗೆದಾರನು ಸಕಾಲದಲ್ಲಿ ಬಾಡಿಗೆ ಸಲ್ಲಿಸಬೇಕು. ಸಹಜ ಸವಕಳಿಯನ್ನು ಬಿಟ್ಟರೆ ಜಾಗವನ್ನು ಪಡೆದ ಸ್ಥಿತಿಯಲ್ಲೇ ಉಳಿಸಿಕೊಂಡು ಹಿಂದಿರುಗಿಸಬೇಕು. ಯಾರಾದರೂ ಅತಿಕ್ರಮಿಸಿದರೆ ಒಡೆಯನಿಗೆ ತಿಳಿಸಬೇಕು. ತನ್ನ ಸ್ವಂತ ಆಸ್ತಿಯಂತೆ ಎಚ್ಚರದಿಂದ ಬಳಸಬೇಕು. ಒಡೆಯನ ಒಪ್ಪಿಗೆಯಿಲ್ಲದೆ, ಬೇಸಾಯದ ಉದ್ದೇಶಕ್ಕಲ್ಲದೆ, ಶಾಶ್ವತ ಕಟ್ಟಡ ಎಬ್ಬಿಸಬಾರದು. ಮಾಡಬೇಕಾದ ದುರಸ್ತಿಯನ್ನು ಒಡೆಯನು ತಿಳಿಸಿದ ಮೇಲೂ ಮಾಡದಿದ್ದರೆ ಗುತ್ತಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಜಾಗದ ಮುಖ್ಯ ಭಾಗ ನಾಶವಾದರೆ ಗುತ್ತಿಗೆಯನ್ನು ರದ್ದುಮಾಡುವ ಆಯ್ಕೆ ಅವನದು. ತಾನು ನೆಲಕ್ಕೆ ಜೋಡಿಸಿದ್ದನ್ನು, ನೆಲವನ್ನು ಮೊದಲಿನ ಸ್ಥಿತಿಗೆ ತಂದು, ಕಿತ್ತುಕೊಂಡು ಹೋಗುವ ಹಕ್ಕೂ ಅವನಿಗುಂಟು.

ಕೊನೆಯ ಹಕ್ಕು ನಮ್ಮ ಕಡೆಯ ರೂಢಿಗೆ ತೀರ ಹತ್ತಿರದ್ದು: ಕಂಬ, ಜಂತಿ ಕಿತ್ತು ಹೊರಡುವ ಚಾಲಗೇಣಿದಾರನನ್ನು ಶಾಸನಕಾರರು ಕಂಡೇ ಬರೆದಂತಿದೆ. ಶಾಶ್ವತ ಕಟ್ಟಡದ ಷರತ್ತು ಹಂಚಿನ ಮಾಡಿನ ಹಳೆಯ ನಿಷೇಧಕ್ಕೆ ಕಾನೂನಿನ ಬಲ ತಂದಿತು. ಎಲ್ಲಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು 106 ಮತ್ತು 107ನೆಯ ಕಲಮುಗಳಿಂದ. ಒಂದು ವರ್ಷಕ್ಕೆ ಮೀರಿದ, ವರ್ಷದಿಂದ ವರ್ಷಕ್ಕೆ ನಡೆಯುವ, ಅಥವಾ ವಾರ್ಷಿಕ ಬಾಡಿಗೆಯ ಗುತ್ತಿಗೆಗೆ ನೋಂದಾಯಿತ ಪತ್ರವೇ ಬೇಕು. ಉಳಿದವುಗಳಿಗೆ ಬಾಯಿಮಾತು ಮತ್ತು ಸ್ವಾಧೀನ ಸಾಕು. ಬೇಸಾಯ ಅಥವಾ ಕೈಗಾರಿಕೆಯದಲ್ಲದ ಗುತ್ತಿಗೆಯನ್ನು, ವಿರುದ್ಧ ಕರಾರು ಇಲ್ಲದಿದ್ದರೆ, ತಿಂಗಳಿಂದ ತಿಂಗಳಿಗೆ ಎಂದು ಎಣಿಸಿ ಹದಿನೈದು ದಿನಗಳ ನೋಟೀಸಿನಿಂದ ಮುಗಿಸಬಹುದು. ಬೇಸಾಯದ ಗುತ್ತಿಗೆಗಳನ್ನು 117ನೆಯ ಕಲಮು ಹೊರಗಿಟ್ಟಿತು. ಈಗ ಒಕ್ಕಲಿನ ಮನೆಯನ್ನು ಈ ಚೌಕಟ್ಟಿನಲ್ಲಿ ಇಟ್ಟು ನೋಡಬೇಕು. ಮನೆ ಗದ್ದೆಯ ಗೇಣಿಗೆ ಸೇರಿದ್ದೆಂದು ಸಿದ್ಧವಾದರೆ ಅದು ಬೇಸಾಯದ ಗುತ್ತಿಗೆ. ಗದ್ದೆಯಿಲ್ಲದೆ ಬರಿಯ ಮನೆಯ ಅಡಿಯನ್ನು ಹಿಡಿದ ಕೂಲಿಯವನದು, ಮೀನುಗಾರನದು, ಕುಶಲಕರ್ಮಿಯದು ಬೇಸಾಯದ್ದಲ್ಲ. ಅವನು ವರ್ಷಕ್ಕೊಮ್ಮೆ ಕಾಣಿಕೆ ಕೊಡುತ್ತಿದ್ದುದರಿಂದ ನೋಂದಾಯಿತ ಪತ್ರ ಬೇಕಿತ್ತು. ಪತ್ರವಿಲ್ಲದ್ದರಿಂದ ಅವನು ಹೆಚ್ಚೆಂದರೆ ತಿಂಗಳ ಬಾಡಿಗೆಯವನು. ಮೂರು ತಲೆಮಾರು ತುಳಸಿಕಟ್ಟೆ ಇಟ್ಟುಕೊಂಡು ಬಾಳಿದ ಮನೆ, ಕಾಗದದ ಮೇಲೆ ಹದಿನೈದು ದಿನಗಳ ಮನೆಯಾಯಿತು. ಆ ಹದಿನೈದು ದಿನ ಆಷಾಢದಲ್ಲಿ ಬಿದ್ದರೆ ಏನು ಗತಿ ಎಂಬುದು ಕಲಮಿನಲ್ಲಿ ಇಲ್ಲ.

ಅಂಕೋಲೆಯ ರೈತರು ಮತ್ತು ಮನೆಯ ಅಡಿ

ಅಂಕೋಲೆ ತಾಲೂಕು 1930ರ ಉಪ್ಪಿನ ಸತ್ಯಾಗ್ರಹಕ್ಕೂ ಅನಂತರದ ಕರನಿರಾಕರಣೆಗೂ ಹೆಸರಾದುದು. ಆ ಹೋರಾಟದಲ್ಲಿ ಭೂಮಿ ಕಳೆದುಕೊಂಡ ಖಾತೆದಾರರ ತ್ಯಾಗ ಚರಿತ್ರೆಯ ಪುಸ್ತಕಗಳಲ್ಲಿದೆ. ಆ ಭೂಮಿಗಳಲ್ಲಿ ಮನೆ ಮಾಡಿಕೊಂಡಿದ್ದ ಒಕ್ಕಲುಗಳ ಮಾತು ಅಷ್ಟಾಗಿ ಬಂದಿಲ್ಲ. ಗೇಣಿದಾರರ ಪ್ರಶ್ನೆಯನ್ನು ಮುಂದಿಟ್ಟು ಜಿಲ್ಲೆಯಲ್ಲಿ ರೈತಕೂಟ ಕಟ್ಟಿದವರು ಭಾರತ ಸೇವಕ ಸಮಾಜದ ದಿನಕರ ದೇಸಾಯಿ. ಚುಟುಕು ಕವಿಯೆಂದು ಕನ್ನಡ ನಾಡು ಅವರನ್ನು ನೆನೆಯುತ್ತದೆ. ಗೇಣಿಯ ವಿಚಾರವಾಗಿ ಬ್ರಿಟಿಷ್ ಸರಕಾರ 1940ರ ದಶಕದ ಆರಂಭದಲ್ಲಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತ್ತು ಎಂಬುದನ್ನು ಅಷ್ಟು ನೆನೆಯುವುದಿಲ್ಲ.

1939ರ ಮುಂಬಯಿ ಗೇಣಿ ಶಾಸನ ಮೊದಲು ಧಾರವಾಡ ಮುಂತಾದ ಕೆಲವೇ ಜಿಲ್ಲೆಗಳಿಗೆ ಅನ್ವಯಿಸಿ, 1946ರಲ್ಲಿ ಇಡೀ ಪ್ರಾಂತಕ್ಕೆ ವಿಸ್ತರಿಸಿತು. 1948ರ ಮುಂಬಯಿ ಗೇಣಿ ಮತ್ತು ಕೃಷಿಭೂಮಿ ಅಧಿನಿಯಮ ನಮ್ಮ ವಿಷಯಕ್ಕೆ ಹೆಚ್ಚು ಮಹತ್ವದ್ದು. ಗೇಣಿದಾರನು ಅಥವಾ ಅವನ ಹಿರಿಯರು ಸ್ವಂತ ಖರ್ಚಿನಲ್ಲಿ ಒಡೆಯನ ಜಾಗದ ಮೇಲೆ ಕಟ್ಟಿದ ವಾಸದ ಮನೆಯಿಂದ ಅವನನ್ನು ಎಬ್ಬಿಸಬಾರದೆಂದು ಅದರ 16ನೆಯ ಕಲಮು ನಿರ್ಬಂಧಿಸಿತು. ಒಡೆಯನು ಆ ನಿವೇಶನವನ್ನು ಮಾರುವುದಾದರೆ ಕೊಳ್ಳುವ ಮೊದಲ ಆಯ್ಕೆ ಗೇಣಿದಾರನದೆಂದು 17ನೆಯ ಕಲಮು ಹೇಳಿತು. 18ನೆಯದು ಇದೇ ರಕ್ಷಣೆಯನ್ನು ಕೃಷಿಕಾರ್ಮಿಕರಿಗೂ ಕುಶಲಕರ್ಮಿಗಳಿಗೂ ಚಾಚಿತು. ಗದ್ದೆಯ ಹಕ್ಕಿನಿಂದ ಮನೆಯ ಹಕ್ಕನ್ನು ಬೇರ್ಪಡಿಸಿ ಅದಕ್ಕೇ ಪ್ರತ್ಯೇಕವಾದ ರಕ್ಷಣೆ ಕೊಟ್ಟದ್ದು ಇಲ್ಲಿಯ ವಿಶೇಷ. ಒಕ್ಕಲು ಎಂಬ ಒಂದೇ ಪದ ಕಾನೂನಿನಲ್ಲಿ ಹೀಗೆ ಎರಡಾಯಿತು. ಆದರೆ ‘ಸ್ವಂತ ಖರ್ಚಿನಲ್ಲಿ ಕಟ್ಟಿದ’ ಎಂಬ ಮಾತು ಎಷ್ಟು ಜಟಿಲವಾದದ್ದೆಂಬುದು, ಬಿದಿರು ಮಡಲುಗಳನ್ನು ಒಡೆಯನೇ ಕೊಡುತ್ತಿದ್ದ ರೂಢಿಯನ್ನು ಬಲ್ಲವರಿಗೆ ತಿಳಿಯುತ್ತದೆ. ಧಣಿಯ ಔದಾರ್ಯವೇ ಒಕ್ಕಲಿನ ವಿರುದ್ಧ ಸಾಕ್ಷಿ ನುಡಿಯಬಹುದಿತ್ತು.

1956ರಲ್ಲಿ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. 1961ರ ಭೂಸುಧಾರಣೆ ಅಧಿನಿಯಮ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತಾದರೂ, ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದ ಮೇಲೆಯೇ ಗೇಣಿಭೂಮಿಗಳು ಸರಕಾರದಲ್ಲಿ ನಿಹಿತವಾಗಿ ಗೇಣಿದಾರರಿಗೆ ಸೇರತೊಡಗಿದವು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಲು 1979ರ ಜೂನ್ 30ರವರೆಗೆ ಅವಕಾಶವಿತ್ತು. ಇದೇ ಅಧಿನಿಯಮದ 38ನೆಯ ಕಲಮು, ತನ್ನದಲ್ಲದ ನೆಲದ ಮನೆಯಲ್ಲಿ ವಾಸವಾಗಿರುವ ಕೃಷಿಕಾರ್ಮಿಕನಿಗೆ ಆ ಮನೆ, ಅದರ ನಿವೇಶನ ಹಾಗೂ ಅನುಭೋಗಕ್ಕೆ ಬೇಕಾದ ಹೊಂದಿಕೊಂಡ ನೆಲವನ್ನು ಸ್ವಂತ ಹೆಸರಿಗೆ ಮಾಡಿಸಿಕೊಳ್ಳುವ ಅವಕಾಶ ನೀಡಿತು. ‘ಡಿಕ್ಲರೇಶನ್ ಕೊಟ್ಟದ್ದು’ ಎಂದು ಈ ಅರ್ಜಿಯ ಕಾಲವನ್ನು ಕರಾವಳಿಯ ಜನ ಇಂದಿಗೂ ಕರೆಯುತ್ತಾರೆ. ಊರಿನ ಕಾಲಗಣನೆಯಲ್ಲಿ ಅದೊಂದು ಗಡಿಗಲ್ಲು: ‘ಡಿಕ್ಲರೇಶನ್ನಿನ ಮೊದಲು’, ‘ಡಿಕ್ಲರೇಶನ್ ಆದ ಮೇಲೆ’.

ಈ ಕಾನೂನಿನ ಯಶಸ್ಸನ್ನು ಕಡಿಮೆ ಮಾಡಿ ಹೇಳಬೇಕಿಲ್ಲ. ಹುಲ್ಲಿನ ಮಾಡು ಹೋಗಿ ಹಂಚು ಬಂದದ್ದು, ಅಂಗಳದಲ್ಲಿ ಸ್ವಂತ ಬಾವಿ ತೋಡಿದ್ದು, ಬಿಟ್ಟಿ ಕೆಲಸ ನಿಂತದ್ದು ಇದರ ಫಲ. ಆದರೆ ಧಣಿಯ ಮುಖ ನೋಡಿ ಅರ್ಜಿ ಕೊಡದವರಿದ್ದರು. ‘ಅನ್ನ ಹಾಕಿದವರ ಮೇಲೆ ಕಾಗದ ಮಾಡುವುದು ಹೇಗೆ?’ ಎಂಬ ಸಂಕೋಚ ಕಟ್ಟುಕತೆಯಲ್ಲ. ಗಂಡ ತೀರಿಕೊಂಡು ಹೆಸರಿಲ್ಲದೆ ಉಳಿದ ಹೆಂಗಸರಿದ್ದರು. ಕೃಷಿಕಾರ್ಮಿಕ ಎಂಬ ವ್ಯಾಖ್ಯೆಯ ಹೊರಗೆ ಬಿದ್ದ ಮೀನುಗಾರರು, ಕುಶಲಕರ್ಮಿಗಳು, ಗುಡಿಯ ಸೇವಕರು ಇದ್ದರು. ಪೇಟೆಯಲ್ಲಿ ಮೂಲಗೇಣಿಯ ನಿವೇಶನ ಹಿಡಿದವರಿಗಂತೂ ಈ ಶಾಸನ ಅನ್ವಯಿಸಲೇ ಇಲ್ಲ. ಕೃಷಿಯೇತರ ಜಾಗದ ಮೂಲಗೇಣಿದಾರರಿಗೆ ಒಡೆತನ ಕೊಡುವ ಪ್ರತ್ಯೇಕ ಅಧಿನಿಯಮವನ್ನು ಕರ್ನಾಟಕ ರೂಪಿಸಿದ್ದು 2011ರಲ್ಲಿ.

ಗಡಿಯಾಚೆಯ ಗೋವೆಯೊಂದಿಗೆ ಹೋಲಿಸಿದರೆ ಈ ಕೊರತೆ ಎದ್ದುಕಾಣುತ್ತದೆ. ಅಲ್ಲಿ ಭಾಟಕಾರನ ನೆಲದಲ್ಲಿ ಮನೆ ಮಾಡಿಕೊಂಡು ತೋಟ ಕಾಯುವವನಿಗೆ ‘ಮುಂಡಕಾರ’ ಎಂಬ ಹೆಸರಿದೆ. ಗೋವೆ 1961ರಲ್ಲಿ ವಿಮೋಚನೆಗೊಂಡ ಮೇಲೆ, 1975ರಲ್ಲಿ ಮುಂಡಕಾರರ ರಕ್ಷಣೆಗೆಂದೇ ಪ್ರತ್ಯೇಕ ಶಾಸನ ಬಂದಿತು. ಅದು ಮುಂಡಕಾರನನ್ನು ಎಬ್ಬಿಸದಂತೆ ತಡೆದು, ಮನೆಯನ್ನೂ ಸುತ್ತಲಿನ ನಿರ್ದಿಷ್ಟ ಅಳತೆಯ ಜಾಗವನ್ನೂ ಕೊಳ್ಳುವ ಹಕ್ಕು ನೀಡಿತು. ಅಲ್ಲಿ ಮುಖ್ಯ ಪ್ರಶ್ನೆ ಮನೆಯಲ್ಲಿ ಹೇಗೆ ವಾಸವಾಗಿದ್ದಾನೆ ಎಂಬುದು. ಇಲ್ಲಿ, ಹೊಲದಲ್ಲಿ ಕೆಲಸ ಮಾಡುತ್ತಾನೋ ಇಲ್ಲವೋ ಎಂಬುದು. ಹಣಕೋಣದಿಂದ ಗೋವೆಯ ಗಡಿ ಅಷ್ಟೇನೂ ದೂರವಿಲ್ಲ. ಎರಡೂ ಕಡೆ ಒಂದೇ ಭಾಷೆ, ಒಂದೇ ದೇವಿ, ಒಂದೇ ತೆಂಗಿನ ಕಾವಲು. ಆದರೆ ಹೆಸರಿದ್ದವನಿಗೆ ಕಾನೂನು ದೊರೆಯಿತು. ನಮ್ಮ ಕಡೆ ಆ ಸಂಬಂಧಕ್ಕೆ ಅಂಥ ಪ್ರತ್ಯೇಕ ಹೆಸರು ಗಟ್ಟಿಯಾಗಲಿಲ್ಲ.

ಹೊಸ ಬಾಡಿಗೆ

1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಕರಾವಳಿಯ ಊರುಗಳನ್ನು ಎಬ್ಬಿಸಿತು. ಒಕ್ಕಲೆಬ್ಬಿಸುವುದು ಎಂಬ ಪದ ಆಗ ಧಣಿಗಳಿಂದ ಸರಕಾರಕ್ಕೆ ವರ್ಗವಾಯಿತು. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಶಾಸನ ಹಿತಾಸಕ್ತಿಯುಳ್ಳ ಯಾರಿಗಾದರೂ ಪರಿಹಾರ ಕೇಳುವ ಅವಕಾಶ ಕೊಟ್ಟಿತ್ತು. ಆದರೆ ಬಾಯಿಮಾತಿನ ಹಿತಾಸಕ್ತಿಯನ್ನು ಸಿದ್ಧಪಡಿಸುವ ಭಾರ ಕೇಳುವವನದೇ. ಒಡೆತನವಿಲ್ಲದಿದ್ದರೂ ಮೂರು ವರ್ಷ ಅಲ್ಲಿ ದುಡಿದು ಬಾಳಿದ ಗೇಣಿದಾರ, ಕೂಲಿಕಾರ, ಕುಶಲಕರ್ಮಿಗಳನ್ನು ಬಾಧಿತ ಕುಟುಂಬವೆಂದು ಎಣಿಸಿದ್ದು 2013ರ ಶಾಸನ. ಅಷ್ಟರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿ ಎಂಟು ವರ್ಷಗಳಾಗಿದ್ದವು.

ನೌಕಾನೆಲೆ, ಕೈಗಾ ಅಣುಸ್ಥಾವರ, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ ಇವುಗಳೊಂದಿಗೆ ಹೊರಗಿನ ನೌಕರರು ಬಂದರು. ಬಾಡಿಗೆ ಮನೆ ಎಂಬುದು ಕಾರವಾರ ಪೇಟೆಯಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆಗೂ ಹರಡಿತು. (2024ರ ಆಗಸ್ಟ್ 7ರ ರಾತ್ರಿ ಹಳೆಯ ಸೇತುವೆ ಕುಸಿದುಬಿದ್ದಾಗ ಎರಡು ದಂಡೆಗಳ ಈ ಅವಲಂಬನೆ ಎಲ್ಲರಿಗೂ ಮನವರಿಕೆಯಾಯಿತು.) ಒಡೆಯ–ಒಕ್ಕಲು ಎಂಬ ಜೋಡಿಯ ಜಾಗದಲ್ಲಿ ಮಾಲೀಕ–ಬಾಡಿಗೆದಾರ ಎಂಬ ಜೋಡಿ ಬಂತು. ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು, ಮುಂಗಡ ಠೇವಣಿ. ಹನ್ನೊಂದೇ ತಿಂಗಳು ಏಕೆಂದು ಕೇಳಿದರೆ ‘ರೂಢಿ’ ಎನ್ನುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವೆಂಬ 107ನೆಯ ಕಲಮು ಹಾಗೂ 1908ರ ನೋಂದಣಿ ಅಧಿನಿಯಮದ 17ನೆಯ ಕಲಮುಗಳನ್ನು ತಪ್ಪಿಸಲು ಹುಟ್ಟಿದ ಈ ಉಪಾಯ ನಮ್ಮ ಕಣ್ಣಮುಂದೆಯೇ ಜಾನಪದವಾಗಿ ಮಾರ್ಪಟ್ಟಿದೆ. ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ ‘ಲೀಸು’ ಎಂಬುದು ಹೆಸರಿನಲ್ಲಿ ಗುತ್ತಿಗೆ, ಗುಣದಲ್ಲಿ ಹಳೆಯ ಭೋಗ್ಯ. ಬಡ್ಡಿಯ ಬದಲು ಅನುಭೋಗ ಎಂಬ ಅದರ ತತ್ವವನ್ನು ಊರಿನ ಹಿರಿಯರಿಗೆ ವಿವರಿಸಬೇಕಾಗಿಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಕರಾರು ಲಿಖಿತವಾಗಿರಬೇಕೆಂದು ಹೇಳುತ್ತದೆ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಪಡೆಯಬಾರದೆಂದು 2021ರ ಕೇಂದ್ರದ ಮಾದರಿ ಬಾಡಿಗೆ ಶಾಸನ ಸೂಚಿಸಿದೆ. ಅದನ್ನು ಒಪ್ಪುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು.

ಇವೆಲ್ಲದರ ನಡುವೆ ಹಳೆಯ ಕರಾರಿನ ಒಂದು ರೂಪ ಸದ್ದಿಲ್ಲದೆ ಉಳಿದಿದೆ. ಕಾಳಿಯ ಉತ್ತರ ದಂಡೆಯ ಹಳ್ಳಿಗಳಿಂದ ಮುಂಬಯಿಗೋ ಗೋವೆಗೋ ಹೋಗಿ ನೆಲೆಸಿದವರ ಮನೆಗಳನ್ನು ಊರಿನಲ್ಲೇ ಉಳಿದ ಬಡ ಕುಟುಂಬಗಳು ‘ನೋಡಿಕೊಂಡು’ ಇರುತ್ತವೆ. ಬಾಡಿಗೆ ಇಲ್ಲ, ಅಂಗಳ ಗುಡಿಸುವುದು, ಸಂಜೆ ದೀಪ ಹಚ್ಚುವುದು, ಮಳೆಗಾಲದಲ್ಲಿ ಒಡೆದ ಹಂಚು ಬದಲಿಸುವುದು, ಚೌತಿಗೆ ಮನೆಯವರು ಬರುವ ಮುನ್ನ ಸುಣ್ಣ ಬಳಿಸಿಡುವುದು. ಕಾನೂನಿನ ಪ್ರಕಾರ ಇದು ಗುತ್ತಿಗೆಯೇ ಅಲ್ಲ, 1882ರ ಈಸ್‌ಮೆಂಟ್ ಅಧಿನಿಯಮದ 52ನೆಯ ಕಲಮು ಹೇಳುವ ಬರಿಯ ಅನುಮತಿ. ಕೊಟ್ಟವರು ಯಾವಾಗ ಬೇಕಾದರೂ ಸಾಮಾನ್ಯವಾಗಿ ಹಿಂದಕ್ಕೆ ಪಡೆಯಬಹುದು. ಆ ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ ಹಳೆಯ ಗೇಣಿಚೀಟಿ, ಮೂಲಗೇಣಿ ಪತ್ರ, ತೀರ್ವೆಯ ರಸೀದಿಗಳು ಕಟ್ಟುಕಟ್ಟಾಗಿ ಇರುವುದುಂಟು. ಗೆದ್ದಲು ಹತ್ತದಂತೆ ಅವನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವುದೂ ಮನೆ ನೋಡಿಕೊಳ್ಳುವವರ ಕೆಲಸಗಳಲ್ಲಿ ಒಂದು. ಆ ಪತ್ರಗಳಲ್ಲಿ ಎಲ್ಲಿಯಾದರೂ ತಮ್ಮ ಅಜ್ಜನ ಹೆಸರಿದೆಯೇ ಎಂದು ಅವರು ಓದಿಸಿ ಕೇಳುತ್ತಾರೆ.